ನುಂಗುವ ಶಕ್ತಿ ಅಳೆಯುವ ಉಪಕರಣದ ಅಂಕಿಯನ್ನು ಎಷ್ಟು ನಂಬಬಹುದು?

ಪ್ರಶ್ನೆ – ತುಮಕೂರಿನಿಂದ:
ಪಾರ್ಶ್ವವಾಯುವಾದ ನಮ್ಮ ತಂದೆಯವರಿಗೆ ರಾಗಿ ಗಂಜಿ ಇಳಿಯುತ್ತದೆ, ಆದರೆ ನೀರು ಕುಡಿದರೆ ಕೆಮ್ಮು ಬರುತ್ತದೆ. ನಾಲಿಗೆ ಮತ್ತು ಅಂಗುಳದ ನಡುವೆ ಗಾಳಿ ತುಂಬಿದ ಪುಟ್ಟ ಬಲ್ಬ್ ಇಟ್ಟು ಒತ್ತಿಸಿದಾಗ ಸೋಮವಾರ 31 ಕಿಲೋಪಾಸ್ಕಲ್, ಗುರುವಾರ 24 ಬಂತು. ಶಕ್ತಿಯೇ ಕುಗ್ಗಿತೇ, ಯಂತ್ರ ತಪ್ಪು ತೋರಿಸಿತೇ ಎಂಬ ಆತಂಕ ಕಾಡುತ್ತಿದೆ.

ಉತ್ತರ – ಕೋಲಾರದ ವಾಕ್ ಚಿಕಿತ್ಸಕಿ:
ಅಷ್ಟಕ್ಕೇ ಗಾಬರಿಯಾಗಬೇಡಿ. ಬಲ್ಬ್ ಸ್ವಲ್ಪ ಹಿಂದೆ ಸರಿದರೂ, ರೋಗಿ ದಣಿದಿದ್ದರೂ ಅಂಕಿ ಬದಲಾಗುತ್ತದೆ. ಆದ್ದರಿಂದಲೇ ಒಂದೇ ಭಂಗಿಯಲ್ಲಿ ಕೂರಿಸಿ, ನಡುವೆ ವಿಶ್ರಾಂತಿ ಕೊಟ್ಟು, ಮೂರು ಬಾರಿ ಒತ್ತಿಸಿ ಗರಿಷ್ಠವನ್ನು ಬರೆದುಕೊಳ್ಳುವುದು ರೂಢಿ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಈ ಉಪಕರಣ ನಾಲಿಗೆಯ ಬಲವನ್ನಷ್ಟೇ ಅಳೆಯುತ್ತದೆಯೇ ಹೊರತು ನೀರು ಶ್ವಾಸನಾಳಕ್ಕೆ ಇಳಿಯುತ್ತಿದೆಯೇ ಎಂಬುದನ್ನು ಹೇಳುವುದಿಲ್ಲ. ಅದು ತಿಳಿಯಬೇಕಾದರೆ ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬೇರಿಯಂ ಬೆರೆಸಿದ ಆಹಾರ ನುಂಗಿಸಿ ತೆಗೆಯುವ ಎಕ್ಸ್‌ರೇ ವಿಡಿಯೋ ಅಥವಾ ಮೂಗಿನ ಮೂಲಕ ಪುಟ್ಟ ಕ್ಯಾಮೆರಾ ಇಳಿಸಿ ನೋಡುವ ಎಂಡೋಸ್ಕೋಪಿ ಬೇಕು. ಎಂಡೋಸ್ಕೋಪಿಯಲ್ಲೂ ನುಂಗುವ ಆ ಕ್ಷಣ ದೃಶ್ಯ ಮರೆಯಾಗುತ್ತದೆ; ಅದರ ಹಿಂದುಮುಂದನ್ನು ನೋಡಿಯೇ ನಿರ್ಧರಿಸಬೇಕು.

ಉತ್ತರ – ಚಿಂತಾಮಣಿಯಿಂದ:
ಅಮ್ಮ ಕೆಮ್ಮುತ್ತಿರಲಿಲ್ಲವೆಂದು ನಾವು ನಿಶ್ಚಿಂತರಾಗಿದ್ದೆವು. ವಿಡಿಯೋದಲ್ಲಿ ನೋಡಿದರೆ ನೀರು ಸದ್ದಿಲ್ಲದೆ ಶ್ವಾಸನಾಳಕ್ಕೆ ಜಾರುತ್ತಿತ್ತು, ಬೆರಳಿನ ಪಲ್ಸ್ ಆಕ್ಸಿಮೀಟರ್ ಮಾತ್ರ ರಕ್ತದ ಆಮ್ಲಜನಕ ಶೇಕಡ 97, ಅಂದರೆ ಸರಿಯಾಗಿದೆ ಎಂದೇ ತೋರಿಸುತ್ತಿತ್ತು. ದಯವಿಟ್ಟು ತಂದೆಯವರಿಗೆ ಆ ಪರೀಕ್ಷೆಯನ್ನು ಬೇಗ ಮಾಡಿಸಿ.