ಸಹಾಯ ಬೇಕು: ಮುಟ್ಟು ನಿಂತ ಮೇಲಿನ ಝಳಕ್ಕೆ ಖಿನ್ನತೆ ಮಾತ್ರೆ?

ಅಕ್ಕಂದಿರೇ, ನನಗೆ 49. ಮುಟ್ಟು ನಿಂತು 14 ತಿಂಗಳಾಯ್ತು. ಮೊದಲು ದಾವಣಗೆರೆ ಬಿಸಿಲು ಅಂದ್ಕೊಂಡೆ. ಈಗ ಮಳೇಲೂ ಎದೆಯಿಂದ ಮುಖಕ್ಕೆ ಝಳ ಏರುತ್ತೆ, ರವಿಕೆ ಒದ್ದೆ, ಆಮೇಲೆ ಚಳಿ. ರಾತ್ರಿ ಮೂರ್ನಾಲ್ಕು ಸಲ ಎದ್ದು ಕೂರ್ತೀನಿ, ಬೆಳಿಗ್ಗೆ ಪಾಠ ಮಾಡೋಕೆ ತಲೆ ಓಡಲ್ಲ.

ಥೈರಾಯ್ಡ್ ಸರಿ ಇದೆ. ಸಂಜೆ ಕಾಫಿ, ಖಾರ ಬಿಟ್ಟೆ, ಹತ್ತಿ ಸೀರೆಯನ್ನೇ ಉಡ್ತೀನಿ. ಹೆಚ್ಚೇನೂ ಕಮ್ಮಿಯಾಗಿಲ್ಲ.

ನನಗೆ ಹಿಂದೆ ಸ್ತನ ಕ್ಯಾನ್ಸರ್ ಆಗಿದ್ದರಿಂದ ಹಾರ್ಮೋನ್ ಮಾತ್ರೆ ಬೇಡವೇ ಬೇಡ ಅಂದ ಡಾಕ್ಟ್ರು, ಕಡಿಮೆ ಪ್ರಮಾಣದ ವೆನ್ಲಾಫ್ಯಾಕ್ಸಿನ್ ಬರೆದಿದ್ದಾರೆ. ಖಿನ್ನತೆಗೆ ಕೊಡೋದೇ ಝಳಕ್ಕೂ ಆಗುತ್ತಂತೆ. ಮನೆಯವರಿಗೆ ಭಯ, ಚೀಟಿ ಹಾಗೇ ಇದೆ.

ಇದನ್ನ ತಗೊಂಡವರು ಇದ್ದೀರಾ? ಎಷ್ಟು ವಾರಕ್ಕೆ ರಾತ್ರಿ ಬೆವರು ಇಳೀತು, ವಾಕರಿಕೆ ಬಂತಾ?