ಚಿನ್ನದ ಗಣಿಗೆ ಪರಿಸರ ಆಲಿಕೆ ಇದೆ, ಏನು ಕೇಳಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು: ಗ್ರಾಮ ಪಂಚಾಯಿತಿ ಸದಸ್ಯೆ, ಹುನಗುಂದ ತಾಲೂಕು

ಎಲ್ಲರಿಗೂ ನಮಸ್ಕಾರ. ನಮ್ಮೂರ ಮಸಾರಿ ಹೊಲಗಳಲ್ಲಿ ಎರಡು ವರ್ಷ ಕೊರೆದು ನೋಡಿದ ಕಂಪನಿಯೊಂದು ಈಗ ಚಿನ್ನದ ಗಣಿಗೆ ಅರ್ಜಿ ಹಾಕಿದೆ. ಜನರ ಅಭಿಪ್ರಾಯ ಕೇಳುವ ಸಾರ್ವಜನಿಕ ಆಲಿಕೆಯ ನೋಟಿಸ್ ಪೇಪರಿನಲ್ಲಿ ಬಂದಿದೆ. ಇನ್ನು 24 ದಿನ ಉಳಿದಿದೆ. ಕೆಲಸ ಸಿಗುತ್ತದೆ ಅಂತ ಅರ್ಧ ಊರು ಖುಷಿಯಲ್ಲಿದೆ. ಹಳ್ಳಕ್ಕೆ ವಿಷ ಸೇರುತ್ತದೆ ಅಂತ ಇನ್ನರ್ಧ ಊರು ಹೆದರಿದೆ. ಬೇಕು ಬೇಡ ಅನ್ನುವ ಜಗಳ ಆಮೇಲೆ ಇದ್ದೇ ಇದೆ. ಅನುಮತಿ ಕೊಡುವುದೇ ಆದರೆ ಯಾವ ಷರತ್ತು ಹಾಕಿಸಬೇಕು, ತ್ಯಾಜ್ಯ ಎಲ್ಲಿಗೆ ಹೋಗುತ್ತದೆ, ನಾವು ಏನು ಕೇಳಬೇಕು, ಇಷ್ಟು ತಿಳಿಸಿಕೊಡಿ.

ಶಾಲಾ ಶಿಕ್ಷಕ, ಲೋಕಾಪುರ ಕಡೆ

ತಂಗಿ, ನಮ್ಮ ಕಡೆ ಇರುವುದು ಸುಣ್ಣದಕಲ್ಲಿನ ಗಣಿ. ಆದರೆ ಆಲಿಕೆಯ ನಿಯಮ ಎರಡಕ್ಕೂ ಒಂದೇ, 2006ರ ಪರಿಸರ ಪರಿಣಾಮ ಅಧಿಸೂಚನೆ. ನಾವು ಮಾಡಿದ ತಪ್ಪು ನೀವು ಮಾಡಬೇಡಿ ಅಂತ ವಿವರವಾಗಿ ಬರೆಯುತ್ತಿದ್ದೇನೆ.

ಗಣಿಯಿಂದ ಪರಿಸರಕ್ಕೆ ಏನಾಗುತ್ತದೆ ಅಂತ ಕಂಪನಿ ಮಾಡಿಸಿದ ವರದಿಯನ್ನು ಮೊದಲು ಕೈಗೆ ತೆಗೆದುಕೊಳ್ಳಿ. ನೋಟಿಸ್‌ಗೂ ಆಲಿಕೆಗೂ ನಡುವೆ ಕನಿಷ್ಠ 30 ದಿನ ಇರಬೇಕು ಅಂತ ನಿಯಮ ಇರುವುದೇ ಜನ ಅದನ್ನು ಓದಲಿ ಅಂತ. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಸಿಗುತ್ತದೆ. ನಿಮ್ಮ ಪಂಚಾಯಿತಿಗೂ ಒಂದು ಪ್ರತಿ ಬಂದಿರಬೇಕು, ಪಿಡಿಒ ಅವರ ಕಪಾಟಿನಲ್ಲಿ ಇದೆಯಾ ನೋಡಿ. ಸಾರಾಂಶ ಕನ್ನಡದಲ್ಲಿ ಇರಲೇಬೇಕು. ಆದರೆ ಸಾರಾಂಶ ಓದಿ ಸುಮ್ನಾಗಬೇಡಿ. ನೀರು ಮತ್ತು ತ್ಯಾಜ್ಯದ ಅಧ್ಯಾಯಗಳನ್ನು ಕಾಲೇಜು ಹುಡುಗರನ್ನು ಕೂರಿಸಿಕೊಂಡು ಸಾಲು ಸಾಲಾಗಿ ಓದಿಸಿ.

ನಮ್ಮ ಕಥೆ ಹೇಳುತ್ತೇನೆ. ಆಲಿಕೆಯ ದಿನ ನಮ್ಮೂರವರು ಜೋರಾಗಿಯೇ ಮಾತಾಡಿದರು. ಗಣಿ ಶುರುವಾಗಿ ಕೆಲವು ವರ್ಷಕ್ಕೆ ಮೂರು ಬಾವಿಗಳ ನೀರು ಇಳಿಯಿತು. ಕೇಳಲು ಹೋದರೆ, "ಈ ಬಾವಿಗಳಲ್ಲಿ ಮೊದಲಿನಿಂದಲೂ ಬೇಸಿಗೆಗೆ ನೀರು ಇರುತ್ತಿರಲಿಲ್ಲ" ಅಂದರು ಕಂಪನಿಯವರು. ಅದು ಸುಳ್ಳು ಅಂತ ನಮಗೆಲ್ಲ ಗೊತ್ತು. ಆದರೆ ತೋರಿಸಲು ಒಂದು ಚೀಟಿಯೂ ಇರಲಿಲ್ಲ. ಗಣಿ ಬರುವ ಮೊದಲು ನೀರು ಎಷ್ಟು ಆಳದಲ್ಲಿತ್ತು, ಹೇಗಿತ್ತು ಅಂತ ನಾವು ಬರೆದಿಟ್ಟಿರಲಿಲ್ಲ. ಇಂದಿಗೂ ನನಗೆ ಅದು ಚುಚ್ಚುತ್ತದೆ.

ಆಮೇಲೆ ಬುದ್ಧಿ ಬಂತು. ಅನುಮತಿ ಪಡೆದ ಗಣಿ ಷರತ್ತು ಪಾಲಿಸಿದ ಬಗ್ಗೆ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ವರದಿ ಕೊಡಬೇಕು. ಮಾಹಿತಿ ಹಕ್ಕಿನಲ್ಲಿ ಅದನ್ನು ತೆಗೆಸಿದೆವು. ನೀರಿನ ಮಾದರಿ ತೆಗೆದ ಜಾಗ ಅಂತ ಒಂದು ಬಾವಿಯ ಹೆಸರಿತ್ತು. ಆ ಬಾವಿಯನ್ನು ರಸ್ತೆ ಮಾಡುವಾಗ ಮುಚ್ಚಿ ನಾಲ್ಕು ವರ್ಷ ಆಗಿತ್ತು! ಫೋಟೊ ಹಚ್ಚಿ ದೂರು ಕೊಟ್ಟೆವು. ಅಧಿಕಾರಿಗಳು ಬಂದು ನೋಡಿದರು. ಈಗ ಮಾದರಿಯನ್ನು ಊರವರ ಎದುರೇ, ನಾವು ಹೇಳಿದ ಬೋರ್‌ನಿಂದ ತೆಗೆಯುತ್ತಾರೆ. ಇಳಿದ ಬಾವಿಗಳ ನೀರು ಮಾತ್ರ ತಿರುಗಿ ಬರಲಿಲ್ಲ.

ಹಾಗಾಗಿ ಆಲಿಕೆಯಲ್ಲಿ ಹೇಳಿಬಿಟ್ಟರೆ ಸಾಲದು. ಬರವಣಿಗೆಯಲ್ಲಿ ಕೊಡಿ, ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಆ ದಿನದ ಪೂರ್ತಿ ವಿಡಿಯೊ ಆಗಬೇಕು. ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು. ಊಟದ ಹೊತ್ತು ಆಯಿತು ಅಂತ ಜನ ಎದ್ದು ಹೋಗುವುದು ಆಗಲೇ. ನೀವು ಎದ್ದು ಹೋಗಬೇಡಿ. ನಿಮ್ಮ ಮಾತು ಅದರಲ್ಲಿ ಇಲ್ಲದಿದ್ದರೆ ಅಲ್ಲೇ ಕೈ ಎತ್ತಿ.

ನಿವೃತ್ತ ಮಿಲ್ ಕೆಲಸಗಾರ, ಈಗ ಇಳಕಲ್‌ನಲ್ಲಿ ವಾಸ

ಮಗಳೇ, ಅದಿರಿನಿಂದ ಚಿನ್ನ ತೆಗೆಯುವ ಮಿಲ್‌ನಲ್ಲಿ ನಾನು ಬಹಳ ವರ್ಷ ದುಡಿದವನು. ನಿಜ ಹೇಳಬೇಕೆಂದರೆ ಗಣಿಯ ಗುಂಡಿಗಿಂತ ಜಾಸ್ತಿ ಯೋಚನೆ ಮಾಡಬೇಕಾದದ್ದು ಮಿಲ್‌ನ ಹಿಂದೆ ಏನಾಗುತ್ತದೆ ಅನ್ನುವುದನ್ನು.

ಒಂದು ಟನ್ ಅದಿರಿನಲ್ಲಿ ಸಿಗುವುದು ಕೆಲವೇ ಗ್ರಾಂ ಚಿನ್ನ. ಉಳಿದದ್ದೆಲ್ಲ ನಿಮ್ಮೂರಲ್ಲೇ ಇರುತ್ತದೆ. ಅದಿರನ್ನು ಹಿಟ್ಟಿನ ಹಾಗೆ ಅರೆದು, ನೀರು, ಸುಣ್ಣ, ಸೈನೈಡ್ ಸೇರಿಸಿ ದೊಡ್ಡ ಟ್ಯಾಂಕುಗಳಲ್ಲಿ ಕದಡುತ್ತಾರೆ. ಚಿನ್ನ ಸೈನೈಡಿನಲ್ಲಿ ಕರಗುತ್ತದೆ. ಸುಣ್ಣ ಕಡಿಮೆಯಾದರೆ ವಿಷದ ಗಾಳಿ ಏಳುತ್ತದೆ, ಅದಕ್ಕೇ ಸುಣ್ಣದ ಲೆಕ್ಕ ತಪ್ಪಬಾರದು. ಚಿನ್ನ ತೆಗೆದ ಮೇಲೆ ಉಳಿಯುವ ರಾಡಿಗೆ ಟೈಲಿಂಗ್ಸ್ ಅನ್ನುತ್ತೇವೆ. ಅದು ಪೈಪಿನಲ್ಲಿ ಟೈಲಿಂಗ್ ಡ್ಯಾಮ್‌ಗೆ ಹೋಗುತ್ತದೆ. ಮಣ್ಣು ತಳಕ್ಕೆ ಕೂರುತ್ತದೆ, ಮೇಲಿನ ನೀರನ್ನು ಮಿಲ್‌ಗೆ ವಾಪಸ್ ತರಬೇಕು.

ಬಿಸಿಲಿಗೆ ಸೈನೈಡ್ ಒಡೆದು ಹೋಗುತ್ತದೆ ಅಂತ ನಿಮಗೆ ಹೇಳುತ್ತಾರೆ. ಸ್ವಲ್ಪ ಮಟ್ಟಿಗೆ ನಿಜ. ಆದರೆ ಅದಿರಿನ ಜೊತೆ ಆರ್ಸೆನಿಕ್ ಇರುವ ಖನಿಜ ಬಂದರೆ, ಆ ಆರ್ಸೆನಿಕ್ ಬಿಸಿಲಿಗೆ ಹೋಗುವುದಿಲ್ಲ. ಗಂಧಕ ಇರುವ ಕಲ್ಲು ಗಾಳಿ ನೀರಿಗೆ ತೆರೆದುಕೊಂಡರೆ ಹುಳಿ ನೀರು ಬಿಡುತ್ತದೆ, ಆ ಹುಳಿಗೆ ಬೇರೆ ಲೋಹಗಳೂ ಕರಗುತ್ತವೆ. ಅದಿರಿನಲ್ಲಿ ಆರ್ಸೆನಿಕ್ ಎಷ್ಟು, ಗಂಧಕ ಎಷ್ಟು ಅನ್ನುವುದೇ ನಿಮ್ಮ ಮೊದಲ ಪ್ರಶ್ನೆ ಆಗಲಿ. ಎರಡು ವರ್ಷ ಕೊರೆದವರ ಹತ್ತಿರ ಉತ್ತರ ಇದ್ದೇ ಇರುತ್ತದೆ.

ಡ್ಯಾಮ್ ಬಗ್ಗೆ ಇಷ್ಟು ಬರೆಸಿ. ತಳಕ್ಕೆ ನೀರು ಇಂಗದ ಹಾಳೆ ಹಾಸಬೇಕು. ಸುತ್ತ ನೀರಿನ ಮಟ್ಟ ನೋಡುವ ಕೊಳವೆಗಳು ಬೇಕು. ಮಳೆ ನೀರು ಒಳಗೆ ನುಗ್ಗದ ಹಾಗೆ ಕಾಲುವೆ ಬೇಕು. ರಾಡಿಯಲ್ಲಿನ ಸೈನೈಡನ್ನು ಡ್ಯಾಮ್‌ಗೆ ಬಿಡುವ ಮೊದಲೇ ನಾಶ ಮಾಡುವ ಘಟಕ ಇರಬೇಕು. ಪೈಪ್ ಹಳ್ಳ ದಾಟುವ ಕಡೆ ಕೆಳಗೆ ತೊಟ್ಟಿ ಇರಬೇಕು, ಪೈಪ್ ಒಡೆಯುವುದು ಹೆಚ್ಚಾಗಿ ಕೀಲಿನಲ್ಲೇ. ಹೊರಗೆ ಬಿಡುವ ನೀರಿನಲ್ಲಿ ಸೈನೈಡ್ ಲೀಟರ್‌ಗೆ 0.2 ಮಿಲಿಗ್ರಾಂ ದಾಟಬಾರದು. ಕುಡಿಯುವ ನೀರಿಗೆ ಮಿತಿ 0.05, ಆರ್ಸೆನಿಕ್‌ಗೆ 0.01. ಈ ಅಂಕಿಗಳನ್ನು ಪಂಚಾಯಿತಿ ಗೋಡೆ ಮೇಲೆ ಬರೆಸಿಬಿಡಿ.

2000ದ ಜನವರಿ 30ರಂದು ರೊಮೇನಿಯಾದ ಬಾಯಾ ಮಾರೆ ಹತ್ತಿರ ಇಂಥ ಡ್ಯಾಮ್ ಒಡೆದು ಸೈನೈಡ್ ನೀರು ನದಿಗೆ ಸೇರಿತು. ಪಕ್ಕದ ದೇಶ ಹಂಗೇರಿಯವರೆಗೆ ಮೀನು ಸತ್ತವು. ನಮ್ಮಲ್ಲೇ ಕೋಲಾರದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಸೈನೈಡ್ ದಿಬ್ಬಗಳು ಇನ್ನೂ ಇವೆ, 3 ಕೋಟಿ ಟನ್‌ಗಿಂತ ಜಾಸ್ತಿ. ಗಾಳಿ ಬೀಸಿದಾಗ ಧೂಳು ಮನೆಯೊಳಗೆ ಬರುತ್ತದೆ. ಗಣಿ ಕೊಡುವ ಕೆಲಸ ಒಳ್ಳೆಯದು, ನನ್ನ ಮಕ್ಕಳು ಓದಿದ್ದು ಅದರಿಂದಲೇ. ಅದಕ್ಕೇ ಹೇಳುತ್ತೇನೆ, ಮುಚ್ಚುವ ಯೋಜನೆಯನ್ನು ಶುರುವಿನಲ್ಲೇ ಕೇಳಿ.

ಕಲ್ಲು ಕ್ವಾರಿಯಲ್ಲಿ ಲೆಕ್ಕ ಬರೆಯುವವನು, ಇಳಕಲ್

ಕಾಕಾ ಹೇಳಿದ ಕೊನೆಯ ಮಾತಿಗೆ ಒಂದು ಸೇರಿಸುತ್ತೇನೆ. ನಮ್ಮ ಕೆಂಪು ಗ್ರಾನೈಟ್ ದೇಶವೆಲ್ಲ ಹೋಗುತ್ತದೆ, ಒಡಕು ಕಲ್ಲಿನ ಗುಡ್ಡೆ ಇಲ್ಲೇ ಬಿದ್ದಿರುತ್ತದೆ. ಮೇಲ್ಮಣ್ಣನ್ನು ಬೇರೆ ಇಡದೆ ಕಲ್ಲಿನ ಕೆಳಗೆ ಹೂತರೆ ಆಮೇಲೆ ಅಲ್ಲಿ ಏನೂ ಬೆಳೆಯುವುದಿಲ್ಲ. ಮೇಲ್ಮಣ್ಣಿಗೆ ಬೇರೆ ಜಾಗ ತೋರಿಸಿ ಅಂತ ಕೇಳಿ. ಗಣಿಗಾರಿಕೆ ಮುಗಿದ ಜಾಗದಲ್ಲಿ ದನಕರು ಮೇಯುವಂಥ ಹುಲ್ಲು ಬೆಳೆಸಬೇಕು ಅಂತ ಸುಪ್ರೀಂ ಕೋರ್ಟ್ 2020ರ ಜನವರಿ 8ಕ್ಕೆ ಹೇಳಿದೆ. ಇನ್ನು ಮುಚ್ಚುವ ಕೆಲಸಕ್ಕೆ ಕಂಪನಿ ಇಡುವ ಭದ್ರತೆ ಹಣ, 2021ರ ತಿದ್ದುಪಡಿಯ ಪ್ರಕಾರ ಹೆಕ್ಟೇರ್‌ಗೆ ಎ ದರ್ಜೆ ಗಣಿಗೆ (ಯಂತ್ರಗಳಿಂದ ನಡೆಯುವ ಅಥವಾ ಕೆಲಸಗಾರರು ಹೆಚ್ಚಿರುವ ದೊಡ್ಡ ಗಣಿ) 5 ಲಕ್ಷ, ಉಳಿದ ಬಿ ದರ್ಜೆಗೆ 3 ಲಕ್ಷ ರೂಪಾಯಿ. ಟೈಲಿಂಗ್ ಡ್ಯಾಮ್ ಇರುವ ಕಡೆ ಇಷ್ಟು ಹಣ ಸಾಲುತ್ತದಾ ಅಂತ ಸಭೆಯಲ್ಲೇ ಕೇಳಿ. ನನಗಂತೂ ಸಾಲುತ್ತದೆ ಅನ್ನಿಸುವುದಿಲ್ಲ.

ನವನಗರ, ಬಾಗಲಕೋಟೆ

ಅಕ್ಕಾರೆ, ನಮ್ಮದು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಮನೆ. ಗಣಿ ವಿಷಯ ನನಗೆ ತಿಳಿಯದು. ಮುಳುಗಡೆಯಲ್ಲಿ ಪರಿಹಾರ ಸರಿಯಾಗಿ ಸಿಕ್ಕಿದ್ದು ಕಾಗದ ಜೋಪಾನ ಮಾಡಿದವರಿಗೆ, ಅಷ್ಟು ಹೇಳಬಲ್ಲೆ. ನಮ್ಮಪ್ಪ ಗಿಡಮರಗಳ ಲೆಕ್ಕವನ್ನೂ ಬರೆದಿಟ್ಟಿದ್ದರು. ಬಾವಿ, ಬೋರ್, ಮರ, ಮನೆ ಗೋಡೆಯ ಬಿರುಕು, ಎಲ್ಲದರ ಫೋಟೊ ಈಗಲೇ ತೆಗೆದಿಡಿ.

ಕೇಳಿದವರು

ಎಲ್ಲರಿಗೂ ಕೈಮುಗಿಯುತ್ತೇನೆ. ವರದಿ ಪಂಚಾಯಿತಿಯಲ್ಲೇ ಇತ್ತು, ಕವರ್ ಬಿಚ್ಚಿರಲಿಲ್ಲ. ಟೈಲಿಂಗ್ ಡ್ಯಾಮ್ ತೋರಿಸಿರುವ ಜಾಗ ನಮ್ಮ ಹಳ್ಳದ ಮೇಲ್ಭಾಗದಲ್ಲೇ ಇದೆ. ಆ ಹಳ್ಳ ಮಲಪ್ರಭೆಗೆ ಸೇರುತ್ತದೆ, ಅಲ್ಲಿಂದ ಕೂಡಲಸಂಗಮ ದೂರವಿಲ್ಲ. ಜಾಗ ಬದಲಿಸಿ ಅಂತ ಕೇಳಬಹುದಾ? ನಮ್ಮ ಮಾತು ಕೇಳದೆ ಅನುಮತಿ ಕೊಟ್ಟುಬಿಟ್ಟರೆ?

ಶಾಲಾ ಶಿಕ್ಷಕ, ಲೋಕಾಪುರ ಕಡೆ

ಖಂಡಿತ ಕೇಳಬಹುದು ತಂಗಿ, ಅದನ್ನೇ ಮೊದಲನೆಯದಾಗಿ ಬರೆಯಿರಿ. ಬೇರೆ ಯಾವ ಜಾಗ ನೋಡಿದ್ದರು, ಅದನ್ನು ಯಾಕೆ ಬಿಟ್ಟರು ಅಂತಲೂ ಕೇಳಿ. ಗ್ರಾಮ ಸಭೆ ಸೇರಿಸಿ ಠರಾವು ಮಾಡಿ ಕೊಟ್ಟರೆ ತೂಕ ಜಾಸ್ತಿ. ಅನುಮತಿ ಸಿಕ್ಕಿದರೆ ಕಂಪನಿ 7 ದಿನದೊಳಗೆ ಸ್ಥಳೀಯ ಪೇಪರಿನಲ್ಲಿ ಜಾಹೀರಾತು ಕೊಡಬೇಕು. ಅದರ ಮೇಲೆ ಕಣ್ಣಿಡಿ. ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ ಸಮಯ. ಸರಿಯಾದ ಕಾರಣ ಕೊಟ್ಟರೆ ಇನ್ನೂ 60 ದಿನದವರೆಗೆ ಒಪ್ಪಬಹುದು, ಅದು ದಾಟಿದರೆ ಇಲ್ಲ. ನಮ್ಮ ಭಾಗಕ್ಕೆ ಪೀಠ ಚೆನ್ನೈನಲ್ಲಿದೆ. ಅಷ್ಟು ದೂರ ಅಲೆಯುವುದಕ್ಕಿಂತ ಈಗ ಇರುವ ದಿನಗಳನ್ನು ಬಳಸಿಕೊಳ್ಳುವುದು ಮೇಲು.

ನಿವೃತ್ತ ಮಿಲ್ ಕೆಲಸಗಾರ, ಇಳಕಲ್

ಮಗಳೇ, ನೀರಿನ ಪರೀಕ್ಷೆ ಆಲಿಕೆಗೆ ಮೊದಲೇ ಮಾಡಿಸು. ಮಾನ್ಯತೆ ಇರುವ ಲ್ಯಾಬ್‌ನ ಬಾಟಲಿಯಲ್ಲೇ ನೀರು ಹಿಡಿಯಬೇಕು. ಸೈನೈಡ್ ಪರೀಕ್ಷೆಯ ಬಾಟಲಿಗೆ ಕಾಸ್ಟಿಕ್ ಸೋಡಾ ಹಾಕಿ ತಂಪಾಗಿ ಇಡಬೇಕು, ಅದನ್ನು ಲ್ಯಾಬ್‌ನವರೇ ಹೇಳಿಕೊಡುತ್ತಾರೆ. ಬೋರ್ ನೀರು ಸ್ವಲ್ಪ ಹೊತ್ತು ಹರಿಯಲಿ, ಆಮೇಲೆ ತುಂಬು. ಹಳ್ಳದಲ್ಲಿ ಡ್ಯಾಮ್ ಜಾಗದ ಮೇಲೊಂದು ಕಡೆ, ಕೆಳಗೊಂದು ಕಡೆ ಹಿಡಿ. ಬಾಟಲಿ ಮೇಲೆ ತಾರೀಖು, ಹೊತ್ತು, ಸರ್ವೆ ನಂಬರ್ ಬರೆದು ಊರಿನ ಇಬ್ಬರ ಸಹಿ ಮಾಡಿಸು. ಭಾನುವಾರ ನಾನೂ ಬರುತ್ತೇನೆ. ಬಸ್‌ಸ್ಟ್ಯಾಂಡಿಗೆ ಯಾರನ್ನಾದರೂ ಕಳಿಸು.