ಎಂಬಿಎಯಲ್ಲಿ ಕೇಸೂ ಗಣಿತವೂ ಒಟ್ಟಿಗೆ ಬಂದದ್ದು ಹೇಗೆ?

ಪ್ರಶ್ನೆ:
ಎಂಬಿಎ ಮೊದಲ ಸೆಮಿಸ್ಟರ್‌ನಲ್ಲಿದ್ದೇನೆ. ಒಂದು ಪೀರಿಯಡ್‌ನಲ್ಲಿ ಕೇಸ್ ಚರ್ಚೆ, ಅಂದರೆ ಒಂದು ಕಂಪನಿಯ ಸಮಸ್ಯೆ ಓದಿಕೊಂಡು ಬಂದು ಏನು ಮಾಡಬೇಕು ಅಂತ ವಾದ ಮಾಡುವುದು. ಗಂಟೆಗಟ್ಟಲೆ ವಾದ ಮಾಡಿದರೂ ಇದೇ ಸರಿ ಉತ್ತರ ಅಂತ ಯಾರೂ ಹೇಳುವುದಿಲ್ಲ. ಮುಂದಿನ ಪೀರಿಯಡ್ ಸ್ಟಾಟಿಸ್ಟಿಕ್ಸ್, ಅಲ್ಲಿ ಒಂದೇ ಉತ್ತರ. ಎರಡೂ ಒಂದೇ ಕೋರ್ಸಿಗೆ ಸೇರಿದವು ಅಂತ ಅನ್ನಿಸುವುದೇ ಇಲ್ಲ. ಯಾಕೆ ಹೀಗೆ?

ಉತ್ತರ 1:
ನಾನು ಎಂಬಿಎಯಲ್ಲಿ ಆಪರೇಷನ್ಸ್ (ಉತ್ಪಾದನೆ, ದಿನನಿತ್ಯದ ಕೆಲಸಗಳ ನಿರ್ವಹಣೆ) ಪಾಠ ಮಾಡುತ್ತೇನೆ. ನಿಮಗೆ ಅನ್ನಿಸಿದ್ದು ಸರಿ, ಎರಡೂ ಬೇರೆ ಬೇರೆ ಕಡೆಯಿಂದ ಬಂದವು.

ಕೇಸ್ ಪದ್ಧತಿ ಬೆಳೆದದ್ದು ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನಲ್ಲಿ. ಅದು ಶುರುವಾದದ್ದು 1908ರಲ್ಲಿ. 1919ರಲ್ಲಿ ಅದರ ಡೀನ್ ಆದ ವ್ಯಾಲೇಸ್ ಡೋನಮ್ ಕಾನೂನು ಓದಿದವರು. ಲಾ ಕಾಲೇಜಿನಲ್ಲಿ ಹಳೇ ತೀರ್ಪು ಮುಂದಿಟ್ಟುಕೊಂಡು ವಾದ ಮಾಡಿಸುತ್ತಾರಲ್ಲ, ಆ ಪದ್ಧತಿಯನ್ನೇ ವ್ಯಾಪಾರದ ಪಾಠಕ್ಕೂ ಬೆಳೆಸಿದರು.

ಗಣಿತ ಜೋರಾಗಿ ನುಗ್ಗಿದ್ದು 1959ರ ನಂತರ. ಆ ವರ್ಷ ಫೋರ್ಡ್ ಫೌಂಡೇಶನ್ ಮತ್ತು ಕಾರ್ನೆಗಿ ಕಾರ್ಪೊರೇಶನ್ ಎಂಬ ದತ್ತಿ ಸಂಸ್ಥೆಗಳ ನೆರವಿನಲ್ಲಿ ಎರಡು ವರದಿಗಳು ಹೊರಬಂದವು. ಅಮೆರಿಕದ ಬಿಸಿನೆಸ್ ಸ್ಕೂಲ್‌ಗಳಲ್ಲಿ ಓದು ತೆಳು, ಸಂಶೋಧನೆ ಸಾಲದು ಅಂತ ಎರಡೂ ಖಾರವಾಗಿಯೇ ಹೇಳಿದವು. ಆಮೇಲೆ ಅರ್ಥಶಾಸ್ತ್ರ, ಗಣಿತ, ಮನಶ್ಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದವರು ಜಾಸ್ತಿ ಮೇಷ್ಟ್ರಾಗಿ ಬಂದರು. ಕೇಸ್ ಪದ್ಧತಿ ಹೋಗಲಿಲ್ಲ, ಗಣಿತ ಅದರ ಪಕ್ಕದಲ್ಲಿ ಬಂದು ಕೂತಿತು. ಎರಡನ್ನೂ ಬೆಸೆಯುವ ಕೆಲಸ ಇವತ್ತಿಗೂ ವಿದ್ಯಾರ್ಥಿಯ ತಲೆಗೇ ಬಿದ್ದಿದೆ. ನನಗೆ ಬೇಜಾರಾಗುವುದು ಇದಕ್ಕೇ.

ಉತ್ತರ 2:
ಫ್ಯಾಕ್ಟರಿಯಲ್ಲಿ ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ಕೇಸ್‌ನಲ್ಲಿ ಬೇಕಾದ ಅಂಕಿಅಂಶವೆಲ್ಲ ಕೊನೇ ಪುಟಗಳಲ್ಲಿ ಟೇಬಲ್ ಹಾಕಿ ಕೊಟ್ಟಿರುತ್ತಾರೆ. ಕೆಲಸದಲ್ಲಿ ಯಾರು ಕೊಡುತ್ತಾರೆ ಹೇಳಿ? ಯಾವ ಅಂಕಿ ಬೇಕು ಅಂತ ಹುಡುಕುವುದೇ ಅರ್ಧ ಕೆಲಸ.

ಪ್ರಶ್ನೆ ಕೇಳಿದವರು:
ಹಾಗಾದರೆ ಈಗ ನಾನು ಏನು ಮಾಡಬಹುದು ಮೇಡಂ?

ಉತ್ತರ 1:
ಮೇಲೆ ಅವರು ಹೇಳಿದ್ದನ್ನೇ ಹಿಡಿದುಕೊಳ್ಳಿ. ಕೇಸ್ ಓದುವಾಗ ಕೊನೇ ಪುಟಗಳ ಟೇಬಲ್ ಮೊದಲೇ ನೋಡಬೇಡಿ. ಕಂಪನಿ ಎರಡನೇ ಘಟಕ ಕಟ್ಟಬೇಕಾ ಬೇಡವಾ ಅನ್ನುವುದು ಪ್ರಶ್ನೆ ಅಂತಿಟ್ಟುಕೊಳ್ಳಿ. ನಿರ್ಧಾರಕ್ಕೆ ಯಾವ ಅಂಕಿ ಬೇಕು ಅಂತ ನೀವೇ ಬರೆದುಕೊಳ್ಳಿ: ಈಗಿನ ಘಟಕ ಎಷ್ಟು ತುಂಬಿದೆ, ಬೇಡಿಕೆ ಎಷ್ಟು ಏರಿಳಿಯುತ್ತದೆ, ಸಾಲದ ಬಡ್ಡಿ ಎಷ್ಟು. ಆಮೇಲೆ ಟೇಬಲ್ ತೆಗೆದು, ಬೇಡಿಕೆಯ ಅಂದಾಜಿಗೆ ಸ್ಟಾಟಿಸ್ಟಿಕ್ಸ್ ಕ್ಲಾಸಿನ ಲೆಕ್ಕ ಹಾಕಿ. ಬೇಡಿಕೆ ಅಂದಾಜಿಗಿಂತ ಕಮ್ಮಿಯಾದರೆ ಸಾಲ ತೀರಿಸಲು ಆಗುತ್ತದಾ ನೋಡಿ. ಆ ಲೆಕ್ಕದ ಹಾಳೆ ಹಿಡಿದುಕೊಂಡೇ ಚರ್ಚೆಗೆ ಹೋಗಿ. ಸುಮ್ನೆ ಅಭಿಪ್ರಾಯ ಹೇಳುವವರ ನಡುವೆ ನಿಮ್ಮ ಮಾತಿಗೆ ತೂಕ ಬರುತ್ತದೆ.